ಅಳಿವೆ ದಾಟುವ ಮೊದಲು

ಮಗಾ,

ನಿನ್ನ ಪತ್ರ ನಿನ್ನೆ ಸಂಜೆ ಬಂತು. ಬೇರೆಲ್ಲ ಓದಿ ಖುಷಿಯಾಯಿತು. ಆದರೆ ಕೊನೆಯಲ್ಲಿ ಒಂದು ಮಾತು ಬರೆದಿದ್ದೀಯಲ್ಲ, "ಡೀಸೆಲ್ ಫಿಲ್ಟರಿನ ಅಡಿಯ ಬಟ್ಟಲಲ್ಲಿ ಆಗಾಗ ನೀರು ಸಿಗುತ್ತಿದೆ, ತೆಗೆದು ಚೆಲ್ಲುತ್ತೇನೆ, ಆದರೂ ಅಳಿವೆ ದಾಟುವಾಗ ಇಂಜಿನ್ ನಿಂತುಬಿಟ್ಟರೆ ಅಂತ ಹೆದರಿಕೆ" ಅಂತ. ಅದನ್ನು ಓದಿದ ಮೇಲೆ ನಿದ್ದೆ ಹತ್ತಲಿಲ್ಲ. ಬೆಳಗಾಗುವ ಮೊದಲೇ ಎದ್ದು ಬರೆಯಲು ಕೂತಿದ್ದೇನೆ.

ಆ ಹೆದರಿಕೆ ಸುಳ್ಳಲ್ಲ. ನಿಲ್ಲುವುದು ಅಲ್ಲೇ, ಹೊಳೆ ಸಮುದ್ರ ಸೇರುವ ಆ ಬಾಯಲ್ಲೇ. ದಡದ ಧಕ್ಕೆಯಲ್ಲಿ ಬೋಟು ಕಟ್ಟಿಕೊಂಡು ಗಂಟೆಗಟ್ಟಲೆ ಇಂಜಿನ್ ಓಡಿಸು, ಏನೂ ಆಗುವುದಿಲ್ಲ. ಒಂದು ಲೀಟರ್ ಡೀಸೆಲ್ 840 ಗ್ರಾಂ ಆಸುಪಾಸು, ನೀರು ಒಂದು ಕಿಲೋ. ಹಾಗಾಗಿ ನೀರು ಟ್ಯಾಂಕಿನ ತಳದಲ್ಲಿ ಸುಮ್ನೆ ಮಲಗಿರುತ್ತದೆ. ಇಂಜಿನ್ನಿಗೆ ಹೋಗುವ ಪೈಪಿನ ಬಾಯಿ ಅದಕ್ಕಿಂತ ಸ್ವಲ್ಪ ಮೇಲಿರುತ್ತದೆ. ಅಳಿವೆಯ ಅಲೆಗೆ ಬೋಟು ಎದ್ದು ಬೀಳುವಾಗ ತಳದ ನೀರು, ಕೆಸರು ಎಲ್ಲ ಕದಡಿ ಆ ಬಾಯಿಗೆ ನುಗ್ಗುತ್ತದೆ. ಬಟ್ಟಲು ತುಂಬುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಇಂಜಿನ್ ಎರಡು ಸಲ ಕೆಮ್ಮುತ್ತದೆ. ಆಮೇಲೆ ಅಲೆಯ ಸದ್ದು ಮಾತ್ರ.

ಆ ದಿನದ ಕಥೆ ಮತ್ತೆ ಹೇಳುವುದಿಲ್ಲ. ಅಪ್ಪನ ಬಲಗೈ ನೋಡಿಕೊಂಡೇ ಬೆಳೆದವನು ನೀನು. ಆದರೆ ಒಂದು ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಬಟ್ಟಲಲ್ಲಿ ನೀರು ನನಗೆ ಎರಡು ವಾರ ಮೊದಲಿಂದಲೇ ಕಾಣುತ್ತಿತ್ತು. ದಿನಾ ಬೆಳಿಗ್ಗೆ ಅಡಿಯ ತಿರುಪು ಸಡಿಲಿಸಿ ತೆಗೆಯುತ್ತಿದ್ದೆ, ನಿನ್ನ ಹಾಗೆಯೇ. ಬಟ್ಟಲು ತಿಳಿಯಾದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಿದ್ದೆ. ಟ್ಯಾಂಕಿನೊಳಗೆ ಒಂದು ಸಲವೂ ನೋಡಲಿಲ್ಲ. ಅಣ್ಣನಿಗೆ, ಅಂದರೆ ನಿನ್ನ ಅಪ್ಪನಿಗೆ, ಹೇಳಲಿಲ್ಲ. ಹೇಳಿದರೆ ಟ್ಯಾಂಕ್ ಖಾಲಿ ಮಾಡಬೇಕು, ಒಂದು ದಿನದ ಕೆಲಸ ಹೋಗುತ್ತದೆ ಅಂತ. ಆಮೇಲೆ ಎಲ್ಲರೂ ಅಲೆಯನ್ನು ದೂರಿದರು. ನಾನೂ ಹೂಂ ಅಂದೆ.

ಡೀಸೆಲ್ ಕೊಟ್ಟವನನ್ನೂ ಬೈದೆ. ಅವನ ತಪ್ಪೇ ಇರಲಿಲ್ಲ. ಡೆಕ್ಕಿನ ಮೇಲೆ ಡೀಸೆಲ್ ತುಂಬುವ ಮುಚ್ಚಳದ ರಬ್ಬರ್ ಉಂಗುರ ಒಣಗಿ ಸೀಳಿತ್ತು. ಡೆಕ್ಕು ತೊಳೆದಾಗೆಲ್ಲ ನೀರು ಒಳಗೆ ಇಳಿಯುತ್ತಿತ್ತು. ನಿನ್ನದನ್ನು ಇವತ್ತೇ ನೋಡು. ಟ್ಯಾಂಕಿನ ಗಾಳಿ ಪೈಪಿನ ಬಾಯಿಯನ್ನೂ ನೋಡು. ಟ್ಯಾಂಕ್ ಅರ್ಧ ಖಾಲಿ ಬಿಟ್ಟು ತಿಂಗಳುಗಟ್ಟಲೆ ನಿಲ್ಲಿಸಿದರೂ ಒಳಗಿನ ಗಾಳಿಯ ತೇವ ಹನಿಯಾಗಿ ಇಳಿಯುತ್ತದೆ. ಎಲ್ಲಿಂದ ಬರುತ್ತಿದೆ ಅಂತ ನಾನು ದೂರದಲ್ಲಿ ಕೂತು ಹೇಳಲಾರೆ.

ಒಂದು ಮಾಡು. ರಾತ್ರಿಯಿಡೀ ಬೋಟು ಅಲುಗದೆ ನಿಂತಿರಲಿ. ಬೆಳಿಗ್ಗೆ ಇಂಜಿನ್ ಶುರು ಮಾಡುವ ಮೊದಲು ಟ್ಯಾಂಕಿನ ತಳದಿಂದ ಒಂದು ಗಾಜಿನ ಬಾಟಲಿಗೆ ತೆಗೆ. ನೀರಿದ್ದರೆ ಕೆಳಗೆ ಗೆರೆ ಎಳೆದಂತೆ ಬೇರೆ ನಿಲ್ಲುತ್ತದೆ. ಆ ಗೆರೆಯಲ್ಲಿ ಕಪ್ಪು ಲೋಳೆ ಇದೆಯಾ ನೋಡು. ನೀರು, ಡೀಸೆಲ್ ಸೇರುವ ಜಾಗದಲ್ಲೇ ಕಣ್ಣಿಗೆ ಕಾಣದ ಜೀವಿಗಳು ಬೆಳೆಯುತ್ತವೆ. ಲೋಳೆ ಇದ್ದರೆ ಔಷಧಿ ಹಾಕುವ ಆತುರ ಬೇಡ. ಸತ್ತ ಲೋಳೆಯೂ ಫಿಲ್ಟರಿಗೇ ಬಂದು ಕೂರುತ್ತದೆ. ಮೊದಲು ನೀರು ಪೂರ್ತಿ ಹೋಗಲಿ, ಟ್ಯಾಂಕ್ ತೊಳೆದರೆ ಇನ್ನೂ ಒಳ್ಳೆಯದು. ತೆಗೆದದ್ದನ್ನು ಸಮುದ್ರಕ್ಕೆ ಚೆಲ್ಲಬೇಡ, ಡಬ್ಬದಲ್ಲಿ ಹಿಡಿದಿಡು.

ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೇನೋ. ಹಳಬರ ಕೈಯಲ್ಲಿ ಸಿಕ್ಕಿಕೊಂಡೆ ಅಂತ ಬೇಜಾರು ಮಾಡಿಕೊಳ್ಳಬೇಡ. ಆ ಅಳಿವೆ ಕಣ್ಣ ಮುಂದೆಯೇ ನಿಂತಿದೆ, ಏನು ಮಾಡಲಿ.

ಹೊಸ ಫಿಲ್ಟರ್‌ಗಳು ಜಾಸ್ತಿಯೇ ಇರಲಿ. ಫಿಲ್ಟರ್ ಬದಲಿಸಿ ಡೀಸೆಲ್ ಪೈಪಿನಲ್ಲಿ ಸೇರಿಕೊಂಡ ಗಾಳಿ ತೆಗೆಯುವುದನ್ನು ಧಕ್ಕೆಯಲ್ಲೇ, ಕತ್ತಲಲ್ಲಿ, ಕೈಗೆ ರೂಢಿಯಾಗುವವರೆಗೆ ಮಾಡು. ಒಳಗೆ ಬರುವಾಗ ಅಳಿವೆಯ ಹೊರಗೇ ನಿಂತು ಬಟ್ಟಲು ನೋಡಿಕೋ. ಲಂಗರಿನ ಕಟ್ಟು ಬಿಚ್ಚಿ, ಹಗ್ಗ ಸರಾಗವಾಗಿ ಓಡುವಂತೆ ಇಟ್ಟುಕೋ. ನಮ್ಮದು ಬಲೆಯ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಎಳೆಯಲು ಹೋಗಿಯೇ ಅಣ್ಣ...

ಬಾಟಲಿಯಲ್ಲಿ ಏನು ಕಂಡಿತು ಅಂತ ಬೇಗ ಬರೆ. ಅಲ್ಲಿಯವರೆಗೆ ಬೋಟು ಧಕ್ಕೆಯಲ್ಲೇ ಇರಲಿ. ಈ ಪತ್ರ ಅಪ್ಪನಿಗೆ ತೋರಿಸಬೇಡ. ಅಣ್ಣನ ಎದುರು ಕೂತು ನಾನೇ ಹೇಳಬೇಕು. ಮುಂದಿನ ವಾರ ಬರುತ್ತಿದ್ದೇನೆ.

ನಿನ್ನ ಚಿಕ್ಕಪ್ಪ