ಅವ್ವ, ಕಂಡವರ ಮನಿ ಮಿಠಾಯಿ ಚಿನ್ನು ಬಾಯಿಗೆ ಹೋಗುವುದಿಲ್ಲ

ಶಿಕಾಗೋ
ಅಕ್ಟೋಬರ್ 26

ಪ್ರೀತಿಯ ಅವ್ವಗೆ,

ಸಾಷ್ಟಾಂಗ ನಮಸ್ಕಾರ. ನಾವು ಮೂವರೂ ಅರಾಮ. ನೀನು, ಅಪ್ಪ, ತಮ್ಮ, ಗದಗಿನ ಅತ್ತಿ ಎಲ್ಲರೂ ಅರಾಮ ಇದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಪತ್ರ ಮುಟ್ಟಿತು. “ಕೂಸಿಗೆ ಶೇಂಗಾ ಒಗ್ಗಂಗಿಲ್ಲ ಅಂತ ಡಾಕ್ಟರ್ ಹೇಳ್ಯಾರ ಅಂತೀರಿ, ಮತ್ತ ಅದ ಕೂಸಿಗೆ ದೆವ್ವದ ವೇಷ ಹಾಕಿ ಕಂಡಕಂಡವರ ಮನಿಗೆ ಮಿಠಾಯಿ ಬೇಡಾಕ ಕರಕೊಂಡ ಹೊಂಟೀರಿ” ಎಂದು ಬರೆದಿದ್ದೀಯ. ಒಂದೊಂದಕ್ಕೂ ಉತ್ತರ ಬರೆಯುತ್ತೇನೆ, ಅಪ್ಪನಿಗೂ ಓದಿ ಹೇಳು.

ದೆವ್ವದ ವೇಷ ಹಾಕುವುದಿಲ್ಲ, ಅದನ್ನು ಮನಸ್ಸಿನಿಂದ ತೆಗೆ. ನವೆಂಬರ್ 1 ಕ್ರೈಸ್ತರಿಗೆ ಸಕಲ ಸಂತರ ಹಬ್ಬ. ಅದರ ಹಿಂದಿನ ಸಂಜೆ ಹ್ಯಾಲೋವೀನ್. ಅದಕ್ಕೂ ಮೊದಲು ಐರ್ಲೆಂಡಿನಲ್ಲಿ ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ರಾತ್ರಿಯ ಆಚರಣೆ ಇತ್ತು. ಅಲ್ಲಿಯವರು ಟರ್ನಿಪ್ ಗಡ್ಡೆ ಕೊರೆದು ಒಳಗೆ ದೀಪ ಇಡುತ್ತಿದ್ದರು. 19ನೇ ಶತಮಾನದಲ್ಲಿ ಅಮೆರಿಕಕ್ಕೆ ಬಂದವರಿಗೆ ಕುಂಬಳಕಾಯಿ ಸಿಕ್ಕಿತು, ಅದು ಗಡ್ಡೆಗಿಂತ ದೊಡ್ಡದು, ಕೊರೆಯಲೂ ಹಗುರ. ಈಗ ನಮ್ಮ ಓಣಿಯ ಮನೆಗಳ ಮುಂದೆ 12 ಅಡಿ ಎತ್ತರದ ಪ್ಲಾಸ್ಟಿಕ್ ಅಸ್ಥಿಪಂಜರಗಳು ನಿಂತಿವೆ. ಮಕ್ಕಳು ಅವುಗಳ ಕಾಲಸಂದಿಯಲ್ಲಿ ನುಸುಳಿ ಆಡುತ್ತವೆ. ಪೂಜೆ ಇಲ್ಲ, ಮಂತ್ರ ಇಲ್ಲ. ಬಾಗಿಲ ದೀಪ ಹತ್ತಿದ್ದರೆ ಬನ್ನಿ ಎಂದರ್ಥ, ಆರಿದ್ದರೆ ಆ ಮನೆಯ ಮೆಟ್ಟಿಲು ಯಾರೂ ಹತ್ತುವುದಿಲ್ಲ. ಇಷ್ಟು ಜನ ಹೇಳಿಸಿಕೊಳ್ಳದೆ ಈ ಕಟ್ಟಳೆ ಪಾಲಿಸುವುದು ನನಗೆ ಬಹಳ ಮೆಚ್ಚಿಗೆ.

ಚಿನ್ನುಗೆ ಕಿತ್ತೂರ ಚೆನ್ನಮ್ಮನ ವೇಷ. ಅಲ್ಲಿ ಕಿತ್ತೂರು ಉತ್ಸವ ಆದ ಮರುವಾರವೇ ಇದು, ಮಾರನೆಯ ದಿನ ರಾಜ್ಯೋತ್ಸವ. ಹಾಗಾಗಿ ಕನ್ನಡ ಕೂಟದ ಛದ್ಮವೇಷಕ್ಕೂ ಅದೇ ಆಗುತ್ತದೆ. 1824ರಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಪಡೆಯನ್ನು ಸೋಲಿಸಿದ ರಾಣಿ ಎಂದು ಬಾಗಿಲು ತೆರೆದವರಿಗೆ ಹೇಳಲು ಇವರು ಎರಡು ಸಾಲು ಇಂಗ್ಲಿಷಿನಲ್ಲಿ ಸಿದ್ಧ ಮಾಡಿಟ್ಟಿದ್ದಾರೆ.

ನೀನು ಶಾಲೆಯ ಛದ್ಮವೇಷಕ್ಕೆ ನಮಗೆ ಮಾಡಿಕೊಡುತ್ತಿದ್ದ ಕ್ರಮವನ್ನೇ ಹಿಡಿದಿದ್ದೇನೆ, ಕೂಸಿನ ಅಳತೆಗೆ ಕೆಲವು ಬದಲು. ನಿನ್ನ ಕಿರೀಟ ರಟ್ಟು, ಮೈದಾ ಅಂಟು, ಬೇಗಡೆಯದು. ಅಂಟು ಹಚ್ಚಿದ ರಟ್ಟನ್ನು ಬಿಸಿಲಿಗಿಟ್ಟರೆ ಸೊಟ್ಟಾಗುತ್ತದೆ, ಒಂದೇ ಮಗ್ಗುಲು ನೀರು ಕುಡಿದು ಹಿಗ್ಗಿ, ಒಣಗುವಾಗ ಆ ಮಗ್ಗುಲೇ ಕುಗ್ಗುತ್ತದೆ. ಅದಕ್ಕೇ ಅಲ್ಲವೇ ನೀನು ರಾತ್ರಿಯಿಡೀ ಟ್ರಂಕಿನ ಕೆಳಗೆ ಒತ್ತಿಡುತ್ತಿದ್ದುದು. ಎರಡೂವರೆ ವರ್ಷದ ಹಣೆಗೆ ರಟ್ಟಿನ ಅಂಚು ಕೊರೆಯುತ್ತದೆ. ಆದ್ದರಿಂದ 2 ಮಿಲಿಮೀಟರ್ ದಪ್ಪದ ಫೋಮ್ ಹಾಳೆ. ತಲೆಯ ಸುತ್ತಳತೆ 48 ಸೆಂಟಿಮೀಟರ್, ಫೋಮ್ ಪಟ್ಟಿ 40 ಸಾಕು, ಉಳಿದದ್ದಕ್ಕೆ ಹಿಂದೆ ಅಗಲ ಎಲಾಸ್ಟಿಕ್. ಕಿವಿಯ ಹಿಂದೆ ಎಲಾಸ್ಟಿಕ್ ಬಿಗಿಯಾದರೆ ಕೂಸು ಕಿತ್ತೆಸೆಯುತ್ತದೆ, ಒಳಗೆ ಎರಡು ಬೆರಳು ಹೋಗುವಷ್ಟು ಸಡಿಲ ಇರಬೇಕು.

ಸೀರೆಗೆ ನಿನ್ನ ಹಳೆಯ ಇಳಕಲ್ಲಿನಲ್ಲಿ ಒಂದೂವರೆ ಮೀಟರ್ ಸಾಕು. ಉಡಿಸಿದ ಕಚ್ಚೆ ಓಡಾಡುವ ಕೂಸಿಗೆ ನಿಲ್ಲುವುದಿಲ್ಲ, ಡೈಪರ್ ಬದಲಿಸಲು ಎಲ್ಲ ಬಿಚ್ಚಬೇಕು. ಪಾಯಜಾಮದ ಕತ್ತರಿಕೆಯಲ್ಲಿ ಹೊಲಿದು, ಮುಂದಿನ ನಿರಿಗೆಯನ್ನು ಸೊಂಟಪಟ್ಟಿಗೆ ಸೇರಿಸಿ ಹೊಲಿದು, ಹಿಂದಿನ ಕಚ್ಚೆಗೆ ವೆಲ್ಕ್ರೋ ಹಚ್ಚಿದರೆ ಒಂದು ಕೈಯಲ್ಲಿ ಬಿಚ್ಚಬಹುದು. ಅಂಚು ಹಿಮ್ಮಡಿಯಿಂದ ನಾಲ್ಕು ಬೆರಳು ಮೇಲೆ. ತುಳಿದು ಬೀಳುವುದು ತಪ್ಪುತ್ತದೆ, ಮೆಟ್ಟಿಲ ಮೇಲಿನ ಕುಂಬಳದೊಳಗಿನ ಮೇಣದ ಬತ್ತಿಯೂ ತಾಗುವುದಿಲ್ಲ. ಬಹಳ ಮನೆಗಳಲ್ಲಿ ಈಗ ಬ್ಯಾಟರಿ ದೀಪ, ಆದರೂ ಇಳಕಲ್ಲಿನ ಹತ್ತಿಗೆ ಬೆಂಕಿ ಬೇಗ ಹಿಡಿಯುತ್ತದೆ. ಕುಬಸ ಗುಳೇದಗುಡ್ಡದ ಖಣದ್ದು, ಒಳಗೆ ದಪ್ಪ ಸ್ವೆಟರ್ ಹಿಡಿಸಲೆಂದು ಒಂದು ಅಳತೆ ದೊಡ್ಡದು. ಮಣಿಸರ, ನತ್ತು ಯಾವುದೂ ಇಲ್ಲ, ಹರಿದರೆ ನೇರ ಬಾಯಿಗೆ. ಸರವನ್ನು ಕುಬಸದ ಮೇಲೆಯೇ ಹಳದಿ ದಾರದಲ್ಲಿ ಕಸೂತಿ ಹಾಕಿದ್ದೇನೆ. ಕತ್ತಿಯೂ ಫೋಮಿನದು, ತುದಿ ದುಂಡಗೆ. ಆರು ಗಂಟೆಯೊಳಗೆ ಹೊತ್ತು ಮುಳುಗುವುದರಿಂದ ಬೆನ್ನಿಗೆ ಬೆಳಕಿಗೆ ಹೊಳೆಯುವ ಪಟ್ಟಿ.

ಇನ್ನು ಮುಖ್ಯ ಮಾತು. ತೊಡೆಯ ಹೊರಮಗ್ಗುಲಿಗೆ ದಪ್ಪ ಬಟ್ಟೆ, ಜೇಬು, ಜಿಪ್ಪು, ಮಡಚಿದ ಹೊಲಿಗೆ ಏನೂ ಬರದ ಹಾಗೆ ಇಡೀ ವೇಷ ಕತ್ತರಿಸಿದ್ದೇನೆ, ಏಕೆಂದರೆ ಶೇಂಗಾ ಅಲರ್ಜಿ ಜೋರಾದರೆ ಔಷಧದ ಸೂಜಿ ಅಲ್ಲೇ ಚುಚ್ಚಬೇಕು. ಚಳಿಗೆ ತುಂಬುವುದೆಲ್ಲ ಸೊಂಟದ ಮೇಲೆ, ಕಾಲಿಗೆ ತೆಳುವಾದ ಉಣ್ಣೆಯ ಲೆಗ್ಗಿಂಗ್ ಮತ್ತು ಇಳಕಲ್ ಎರಡೇ ಪದರ. ಅಷ್ಟನ್ನು ಸೂಜಿ ದಾಟುತ್ತದೆ. ಅಂಗಡಿಯಲ್ಲಿ ಸಿಗುವ ಹತ್ತಿ ತುಂಬಿದ ಕರಡಿ, ಕುಂಬಳಕಾಯಿ ವೇಷಗಳಲ್ಲಿ ಅದೇ ತೊಂದರೆ, ತೊಡೆ ಹುಡುಕಲು ಮೊದಲು ವೇಷ ಬಿಚ್ಚಬೇಕು.

ಸೂಜಿ ಎಂದರೆ ಎಪಿನೆಫ್ರಿನ್, ನಮ್ಮಲ್ಲಿ ಅಡ್ರಿನಲಿನ್ ಅನ್ನುತ್ತಾರೆ. ಚಿನ್ನು ತೂಕ 13 ಕಿಲೊ. ಏಳೂವರೆಯಿಂದ 15 ಕಿಲೊ ತೂಕದ ಮಕ್ಕಳಿಗೆಂದೇ 0.1 ಮಿಲಿಗ್ರಾಂನ ಆವಿ-ಕ್ಯೂ ಎಂಬ ಸಿದ್ಧ ಸೂಜಿಯ ಸಾಧನ ಬರುತ್ತದೆ. ಹೊರಗವಚ ಎಳೆದ ಕೂಡಲೇ ಅದೇ ಮಾತಾಡಿ ಮುಂದಿನದನ್ನು ಹೇಳಿಕೊಡುತ್ತದೆ: ಕೆಂಪು ಬಿರಡೆ ತೆಗೆಯಿರಿ, ಕಪ್ಪು ತುದಿಯನ್ನು ತೊಡೆಗೆ ಒತ್ತಿ, ಎರಡು ಸೆಕೆಂಡ್ ಹಿಡಿಯಿರಿ. ಎಂಥ ಬುದ್ಧಿವಂತಿಕೆಯ ವಸ್ತು ನೋಡು, ಗಾಬರಿಯಲ್ಲಿದ್ದವರೂ ತಪ್ಪುವಂತಿಲ್ಲ. ಎರಡು ಸೂಜಿ ಸದಾ ಚೀಲದಲ್ಲಿ, ನಮ್ಮ ಮೈಗೆ ಅಂಟಿಕೊಂಡೇ ಇರುತ್ತವೆ. ಕಾರಿನಲ್ಲಿ ಬಿಡುವಂತಿಲ್ಲ, ಅತಿ ಚಳಿ, ಅತಿ ಬಿಸಿಲು ಎರಡಕ್ಕೂ ಔಷಧ ಕೆಡುತ್ತದೆ. ಉಸಿರು ಕಟ್ಟಿದರೆ, ದನಿ ಗೊಗ್ಗರಾದರೆ ತಕ್ಷಣ ಚುಚ್ಚುವುದು. ಪಿತ್ತಗಂಧೆಯ ಜೊತೆ ವಾಂತಿ ಕೂಡಿದರೂ ತಕ್ಷಣವೇ. ಆಮೇಲೆ ಇಲ್ಲಿಯ ತುರ್ತು ಸಂಖ್ಯೆ 911ಕ್ಕೆ ಕರೆ, ಕಾಲು ಎತ್ತರಿಸಿ ಮಲಗಿಸುವುದು (ಉಸಿರಾಟ ಕಷ್ಟವಿದ್ದರೆ ಕೂರಿಸುವುದು, ವಾಂತಿ ಇದ್ದರೆ ಮಗ್ಗುಲಾಗಿ ಮಲಗಿಸುವುದು), ಐದು ನಿಮಿಷದಲ್ಲಿ ಗುಣ ಕಾಣದಿದ್ದರೆ ಎರಡನೆಯದು. ಅತ್ತಿ ಹೇಳಿದ ಅಲರ್ಜಿ ಸಿರಪ್ಪು ಗಂಧೆ ಇಳಿಸುತ್ತದೆ, ಕಟ್ಟಿದ ಉಸಿರು ಬಿಡಿಸುವುದಿಲ್ಲ. ಇದೆಲ್ಲ ಎಂದೂ ಬೇಕಾಗದಿರಲಿ, ನೀನು ಚಿಂತಿ ಮಾಡಬೇಡ. ಆದರೂ ತಿಳಿದಿರಲಿ ಎಂದು ಬರೆದೆ.

ಮಿಠಾಯಿ ಬುಟ್ಟಿಗೆ ಬೀಳುತ್ತದೆ, ಬಾಯಿಗಲ್ಲ. ದಾರಿಯಲ್ಲಿ ತಿನ್ನುವುದು ಇಲ್ಲವೇ ಇಲ್ಲ. ಹೊರಡುವ ಮೊದಲೇ ಹೊಟ್ಟೆತುಂಬ ಮೊಸರನ್ನ. ಆರೆಂಟು ಮನೆ ಆದರೆ ಆ ವಯಸ್ಸಿನ ಕಾಲಿಗೆ ಸಾಕು. ಮನೆಗೆ ಬಂದು ಬುಟ್ಟಿ ನಮ್ಮ ಕೈಗೆ, ನಾವು ಮೊದಲೇ ತಂದಿಟ್ಟ ಮಿಠಾಯಿ ಅವಳ ಕೈಗೆ. ರೀಸಸ್, ಸ್ನಿಕರ್ಸ್ ಎಂಬ ಚಾಕೊಲೇಟುಗಳಲ್ಲಿ ಶೇಂಗಾ ನೇರವಾಗಿಯೇ ಇದೆ. ತೊಡಕು ಇರುವುದು ಪುಟಾಣಿ ಪೊಟ್ಟಣಗಳಲ್ಲಿ: ಎಷ್ಟೋ ಪೊಟ್ಟಣಗಳ ಮೇಲೆ ಪದಾರ್ಥಗಳ ಪಟ್ಟಿಯೇ ಇರುವುದಿಲ್ಲ, ಅದೇ ಹೆಸರಿನ ದೊಡ್ಡದು ಸುರಕ್ಷಿತವಿದ್ದರೂ ಚಿಕ್ಕದು ಬೇರೆ ಯಂತ್ರದಲ್ಲಿ ತಯಾರಾಗಿರಬಹುದು. ಶೇಂಗಾ ಹಾಕಿದ್ದರೆ ಬರೆಯಲೇಬೇಕು ಎಂಬ ಕಾನೂನು ಇಲ್ಲಿ 2006ರಿಂದ ಇದೆ, ಆದರೆ ‘ಶೇಂಗಾ ಸೋಂಕಿರಬಹುದು’ ಎಂದು ಬರೆಯುವುದು ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದು. ಆದ್ದರಿಂದ ಪಟ್ಟಿ ಇಲ್ಲದ್ದು ನಮಗೆ ಬೇಡ. ಶೇಂಗಾ ಇಲ್ಲದಿದ್ದರೂ ಗಟ್ಟಿ ಮಿಠಾಯಿ, ಅಂಟು ಮಿಠಾಯಿ, ಪಾಪ್‌ಕಾರ್ನ್ ನಾಲ್ಕು ವರ್ಷದ ಒಳಗಿನ ಮಕ್ಕಳಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ, ಅವೂ ಹೊರಗೆ. ಕೈ ಸಾಬೂನು ನೀರಿನಲ್ಲಿ ತೊಳೆಯಬೇಕು, ಸ್ಯಾನಿಟೈಸರ್‌ಗೆ ಶೇಂಗಾದ ಪ್ರೋಟೀನ್ ಹೋಗುವುದಿಲ್ಲ.

ಕೆಲವು ಮನೆ ಮುಂದೆ ನವಿಲುಗತ್ತಿನ ಬಣ್ಣ ಬಳಿದ ಕುಂಬಳಕಾಯಿ ಇಡುತ್ತಾರೆ. ಇಲ್ಲಿ ತಿನ್ನದ ವಸ್ತುವೂ ಸಿಗುತ್ತದೆ ಎಂಬ ಗುರುತು ಅದು. ಟೆನೆಸಿಯಲ್ಲಿ ಶುರುವಾದದ್ದನ್ನು 2014ರಲ್ಲಿ ಅಲರ್ಜಿ ಸಂಸ್ಥೆಯೊಂದು ದೇಶಕ್ಕೆಲ್ಲ ಹಬ್ಬಿಸಿತು. ಸ್ಟಿಕರ್, ಪೆನ್ಸಿಲ್, ಸಾಬೂನಿನ ಗುಳ್ಳೆ ಊದುವ ಡಬ್ಬಿ ಕೊಡುತ್ತಾರೆ. ಬೇರೆಯವರ ಮಕ್ಕಳ ಅಲರ್ಜಿಗೆ ಇಷ್ಟು ಕಾಳಜಿ ಮಾಡುವ ಜನ ಇದ್ದಾರೆ, ತಿಳಿಯಿತೇ? ನಾವು ಆ ಮನೆಗಳನ್ನೇ ಮೊದಲು ಹಿಡಿಯುತ್ತೇವೆ. ಮಿಠಾಯಿಗೆ ವಿಷ ಹಾಕುತ್ತಾರೆ ಎಂದು ಹುಬ್ಬಳ್ಳಿ ಕಾಕಾ ಹೇಳಿದ್ದಕ್ಕೆ ಉತ್ತರ: ಜೋಯಲ್ ಬೆಸ್ಟ್ ಎಂಬ ಸಮಾಜಶಾಸ್ತ್ರಜ್ಞ 1958ರಿಂದೀಚಿನ ಸುದ್ದಿಗಳನ್ನೆಲ್ಲ ಕಲೆಹಾಕಿ ನೋಡಿದ್ದಾರೆ, ಅಪರಿಚಿತರು ಹಂಚಿದ ಮಿಠಾಯಿಯಿಂದ ಮಗು ಸತ್ತದ್ದು ಒಂದೂ ಸಿಕ್ಕಿಲ್ಲ.

“ಸ್ವಲ್ಪ ಸ್ವಲ್ಪ ತಿನಿಸಿ ರೂಢಿ ಮಾಡಿಸ್ರಿ” ಎಂದಿದ್ದೀಯಲ್ಲ, ಅದರಲ್ಲಿ ಸತ್ಯ ಇದೆ, ಆದರೆ ಅದಕ್ಕೆ ಕಾಲ ಇದೆ. 2015ರಲ್ಲಿ ಲಂಡನ್ನಿನ ಸಂಶೋಧನೆ ತೋರಿಸಿದ್ದು ಇದನ್ನೇ: ಹನ್ನೊಂದು ತಿಂಗಳ ಒಳಗೆ ಶೇಂಗಾ ತಿನಿಸಲು ಆರಂಭಿಸಿದ ಮಕ್ಕಳಲ್ಲಿ ಅಲರ್ಜಿ ಬಹಳ ಕಡಿಮೆ. ಒಮ್ಮೆ ಅಲರ್ಜಿ ಬಂದಮೇಲೆ ಮನೆಯಲ್ಲಿ ತಿನಿಸಿ ನೋಡುವಂತಿಲ್ಲ. ಮಿಲಿಗ್ರಾಂ ಲೆಕ್ಕದಲ್ಲಿ ಡಾಕ್ಟರ ಎದುರೇ ಏರಿಸುವ ಚಿಕಿತ್ಸೆ ಇದೆ, ಒಂದರಿಂದ ಮೂರು ವರ್ಷದವರಿಗೂ 2024ರಲ್ಲಿ ಒಪ್ಪಿಗೆ ಸಿಕ್ಕಿದೆ, ಅದನ್ನು ಕೇಳುತ್ತಿದ್ದೇವೆ. ಐದರಲ್ಲಿ ಒಂದು ಮಗುವಿಗೆ ದೊಡ್ಡದಾಗುತ್ತ ತಾನೇ ಬಿಟ್ಟುಹೋಗುತ್ತದೆ.

ಪಾರ್ಸೆಲ್ಲಿಗೆ ಶೇಂಗಾ ಹೋಳಿಗೆ, ಶೇಂಗಾ ಹಿಂಡಿ ಬೇಡವೇ ಬೇಡ, ನಮಗೂ ಬೇಡ. ಚಕ್ಕುಲಿ ಕರಿದರೆ ಸೂರ್ಯಕಾಂತಿ ಎಣ್ಣೆಯಲ್ಲಿ ಕರಿ. ಗಾಣದ ಶೇಂಗಾ ಎಣ್ಣೆಯಲ್ಲಿ ಪ್ರೋಟೀನ್ ಉಳಿದಿರುತ್ತದೆ, ಒಮ್ಮೆ ಕರಿದಿಟ್ಟ ಎಣ್ಣೆಯೂ ಆಗದು. ಹೊಸ ಮಿಕ್ಸರ್ ಜಾರ್ ತಗೋ, ಹಳೆಯದರ ರಬ್ಬರ್ ವಾಷರಿನ ಸಂದಿಯಲ್ಲಿ ಶೇಂಗಾ ಪುಡಿ ಕೂತಿರುತ್ತದೆ, ತೊಳೆದರೂ ಹೋಗದು. ಜರಡಿಯೂ ಬೇರೆ ಇರಲಿ. ತುಪ್ಪದ ಬೇಸನ್ ಉಂಡಿ ಕಳಿಸಿದರೆ ಸಾಕು, ಅದು ಅವಳಿಗೆ ಪ್ರಾಣ. ಏಪ್ರಿಲ್‌ನಲ್ಲಿ ಬಂದಾಗ ಸೂಜಿ ನಾವೇ ತರುತ್ತೇವೆ, ಅಲ್ಲಿ ಸುಲಭಕ್ಕೆ ಸಿಗುವುದಿಲ್ಲ. ನಿನ್ನ ಕೈಯಡುಗೆ ಅವಳು ಉಂಡೇ ಉಣ್ಣುತ್ತಾಳೆ.

ಕೂಸು ಅರಾಮ ಐತಿ, ಖರೆ ಅರಾಮ ಐತಿ. ವೇಷದ ಫೋಟೊ ಶನಿವಾರ ತಮ್ಮನ ಫೋನಿಗೆ ಬರುತ್ತದೆ. ಅಪ್ಪನ ಬಿಪಿ ಗುಳಿಗಿ ತಪ್ಪಿಸಬೇಡಿ. ಎದ್ದಳು, ಅಳುತ್ತಿದ್ದಾಳೆ, ನಿಲ್ಲಿಸುತ್ತೇನೆ. ಎಣ್ಣೆಯ ಮಾತು ಅತ್ತಿಗೂ ಹೇಳು.

ನಿನ್ನ ಮಗಳು