ಬಸವನಹುಳು ಇತ್ತೋ ಇಲ್ವೋ: ಲಾ ಓದುವ ಮಗಳಿಗೊಂದು ಪತ್ರ

ಸಾಗರ,
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ನಿನ್ನೆ ನೀನು ಫೋನ್ ಇಟ್ಟ ಮೇಲೆ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. "ಮೂರು ಗಂಟೆ ಕೂತು ಹನ್ನೊಂದು ಪುಟ ಓದಿದೆ ಅಮ್ಮಾ, ಒಂದಕ್ಷರ ತಲೆಗೆ ಹೋಗಲಿಲ್ಲ. ನಾನು ದಡ್ಡಿ ಅಂತ ಈಗ ಗೊತ್ತಾಯ್ತು" ಅಂದೆಯಲ್ಲ. ಒಲೆ ಮೇಲೆ ಹಾಲಿತ್ತು, "ಆಗತ್ತೆ ಬಿಡು" ಅಂದುಬಿಟ್ಟೆ. ಅದು ಉತ್ತರ ಅಲ್ಲ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ. ವಾಟ್ಸಾಪ್‌ನಲ್ಲಿ ಇಷ್ಟುದ್ದ ಕಳಿಸಿದರೆ ನೀನು ಓದುವುದಿಲ್ಲ. ಕಾಗದದಲ್ಲಿ ಬಂದರೆ ಹಪ್ಪಳದ ಜೊತೆಗಾದರೂ ಓದುತ್ತೀಯ.

ಹನ್ನೊಂದು ಪುಟಕ್ಕೆ ಮೂರು ಗಂಟೆ ಸರಿಯಾಗಿಯೇ ಇದೆ. ನಾನು ಫಸ್ಟ್ ಇಯರ್‌ನಲ್ಲಿ ಒಂದು ತೀರ್ಪಿಗೆ ಎರಡು ದಿನ ತಗೊಂಡಿದ್ದೆ. ಎರಡನೇ ದಿನ ಕೊನೆಗೆ ಗೊತ್ತಾಯಿತು, ನಾನು ಓದುತ್ತಿದ್ದದ್ದು ಸೋತ ಕಡೆಯ ವಕೀಲರ ವಾದವನ್ನು. ಜಡ್ಜ್ ಅದನ್ನು ಬರೆದುಕೊಂಡು, ಆಮೇಲೆ ತಳ್ಳಿಹಾಕಿದ್ದರು. ನಾನು ಅದನ್ನೇ ಕಾನೂನು ಅಂತ ನೋಟ್ಸ್ ಮಾಡಿಕೊಂಡಿದ್ದೆ!

ನೀನು ಪಿಯುಸಿಯಲ್ಲಿ ಓದಿದ ರೀತಿ ನನಗೆ ಗೊತ್ತು. ಬೆಳಿಗ್ಗೆ ಐದಕ್ಕೆ ಎದ್ದು ಬಾಯಿಪಾಠ, ಹಳದಿ ಪೆನ್ನಿನಲ್ಲಿ ಗೆರೆ, ಪರೀಕ್ಷೆ ಮುಗಿದ ಸಂಜೆ ಕೀ ಆನ್ಸರ್ ನೋಡಿ ಮಾರ್ಕ್ಸ್ ಲೆಕ್ಕ. ಲಾದಲ್ಲಿ ಆ ಕೀ ಆನ್ಸರ್ ಸಿಗುವುದಿಲ್ಲ. ದೊಡ್ಡ ದೊಡ್ಡ ಜಡ್ಜ್‌ಗಳೇ ಐವರಲ್ಲಿ ಮೂವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ ಇರುತ್ತಾರೆ. ಆ ಇಬ್ಬರು ಬರೆದದ್ದನ್ನು ಓದಿದರೆ ಅದೂ ಸರಿ ಅನಿಸುತ್ತದೆ. ನಿನ್ನ ತಲೆ ಕೆಟ್ಟಿರುವುದು ಅಲ್ಲೇ ಅಲ್ವಾ?

ನೀನು ಓದುತ್ತಿದ್ದದ್ದು ಆ ಬಸವನಹುಳುವಿನ ಕೇಸ್. ಟಾರ್ಟ್ಸ್ ಪಾಠ, ಅಂದರೆ ಕರಾರು ಇಲ್ಲದಿದ್ದರೂ ಒಬ್ಬರ ತಪ್ಪಿನಿಂದ ಇನ್ನೊಬ್ಬರಿಗೆ ಆದ ಹಾನಿಗೆ ಪರಿಹಾರ ಕೊಡಿಸುವ ಕಾನೂನು, ಶುರುವಾಗುವುದೇ ಅದರಿಂದ. 1928ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಿನ ಹೋಟೆಲಿನಲ್ಲಿ ಮಿಸೆಸ್ ಡಾನಹ್ಯೂಗೆ ಸ್ನೇಹಿತೆ ಜಿಂಜರ್ ಬಿಯರ್ ಕೊಡಿಸಿದಳು. ಬಾಟಲಿ ಕಪ್ಪುಗಾಜಿನದು, ಒಳಗೇನಿದೆ ಕಾಣುವುದಿಲ್ಲ. ಅರ್ಧ ಕುಡಿದಾದ ಮೇಲೆ ಉಳಿದದ್ದನ್ನು ಬಗ್ಗಿಸಿದರೆ ಕೊಳೆತ ಬಸವನಹುಳು ಬಂತು ಎಂದು ಅವಳ ದೂರು. ಬಾಟಲಿ ಕೊಂಡವಳು ಅವಳಲ್ಲ, ಹಾಗಾಗಿ ಅಂಗಡಿಯವನ ಜೊತೆ ಅವಳಿಗೆ ಕರಾರು ಇಲ್ಲ. ಹಾಗಿದ್ದರೂ ಬಾಟಲಿ ತುಂಬಿದ ಸ್ಟೀವನ್‌ಸನ್ ಅವಳಿಗೆ ಜವಾಬ್ದಾರನೇ? 1932ರಲ್ಲಿ ಬ್ರಿಟನ್ನಿನ ಆಗಿನ ಅತ್ಯುನ್ನತ ಕೋರ್ಟು ಹೌಸ್ ಆಫ್ ಲಾರ್ಡ್ಸ್ ಹೌದು ಅಂದಿತು. ಮೂರಕ್ಕೆ ಎರಡು.

ಇಷ್ಟನ್ನು ಎಲ್ಲ ಗೈಡ್‌ಗಳೂ ಹೇಳುತ್ತವೆ. ನಾನು ಕಾಲೇಜಿನಲ್ಲಿದ್ದಾಗ ರಜೆಗೆ ಬಂದು ನಿನ್ನ ಅಜ್ಜಿಗೆ ಈ ಕಥೆ ಹೇಳಿದ್ದೆ. ಅಜ್ಜಿ ಅಡಿಕೆ ಸುಲಿಯುತ್ತಾ ಕೇಳಿಸಿಕೊಂಡು, "ಅಲ್ಲ, ಕೊನೆಗೆ ಹುಳು ಇತ್ತೋ ಇಲ್ವೋ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹೋಗಿ ಲೈಬ್ರರಿಯಲ್ಲಿ ಹುಡುಕಿದೆ. ಪುಟ್ಟಿ, ಅದನ್ನು ಯಾವ ಕೋರ್ಟೂ ತೀರ್ಮಾನ ಮಾಡಲೇ ಇಲ್ಲ. ಲಾರ್ಡ್ಸ್ ಮುಂದೆ ಹೋದದ್ದು "ಅವಳು ಹೇಳಿದ್ದೆಲ್ಲ ನಿಜ ಅಂತಲೇ ಇಟ್ಟುಕೊಂಡರೂ ಅವಳಿಗೆ ದಾವೆ ಹಾಕುವ ಹಕ್ಕು ಇದೆಯೇ" ಎಂಬ ಪ್ರಶ್ನೆ ಮಾತ್ರ. ಹಕ್ಕಿದೆ ಅಂತಾದ ಮೇಲೆ ಸಾಕ್ಷಿ ವಿಚಾರಣೆ ನಡೆಯಬೇಕಿತ್ತು. ಅಷ್ಟರಲ್ಲಿ ಸ್ಟೀವನ್‌ಸನ್ ತೀರಿಕೊಂಡ, ಕೇಸು ರಾಜಿಯಾಯಿತು. ಪ್ರಪಂಚದ ಲಾ ವಿದ್ಯಾರ್ಥಿಗಳೆಲ್ಲ ಉರುಹೊಡೆಯುವ ಆ ಹುಳು ಇತ್ತು ಅಂತ ಇವತ್ತಿಗೂ ರುಜುವಾತಾಗಿಲ್ಲ.

ಲಾ ಅಂದರೆ ಏನು ಅಂತ ನನಗೆ ಮೊದಲು ಅರ್ಥವಾದದ್ದು ಲೆಕ್ಚರರ್ ಇಂದಲ್ಲ, ಅಜ್ಜಿಯ ಆ ಪ್ರಶ್ನೆಯಿಂದ. ಆದದ್ದು ಬೇರೆ. ಆಯಿತು ಅಂತ ಒಬ್ಬರು ಹೇಳಿದ್ದು ಬೇರೆ. ಆಯಿತು ಅಂತ ಕೋರ್ಟು ಒಪ್ಪಿದ್ದು ಇನ್ನೂ ಬೇರೆ. ಹನ್ನೊಂದು ಪುಟದಲ್ಲಿ ಈ ಮೂರೂ ಕಲಸಿಕೊಂಡು ಇರುತ್ತವೆ. ನಿನ್ನ ಕೆಲಸ ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ ಅವನ್ನು ಬೇರೆ ಮಾಡುವುದು. ಮೊದಲ ಸಲ ಓದುವಾಗ ಪೆನ್ನು ಮುಟ್ಟಬೇಡ, ಬರೀ ಕಥೆ ಓದು. ಎರಡನೇ ಸಲ, ಜಡ್ಜ್ ಮುಂದೆ ಇದ್ದ ಪ್ರಶ್ನೆ ಏನು ಅಂತ ಒಂದೇ ಸಾಲಿನಲ್ಲಿ ಕನ್ನಡದಲ್ಲಿ ಬರೆ. ಆ ಸಾಲು ಬರೆಯಲು ಬರಲಿಲ್ಲ ಅಂದರೆ ಮುಂದಿನದನ್ನು ಓದಿ ಪ್ರಯೋಜನವಿಲ್ಲ. ನಾನು ಈಗಲೂ ಹೀಗೇ ಮಾಡುತ್ತೇನೆ.

ಇದನ್ನು ಕಲಿಯದೆ ನಾನು ಏನು ಮಾಡಿಕೊಂಡೆ ಅಂತ ನಿನಗೆ ಯಾವತ್ತೂ ಹೇಳಿಲ್ಲ. 2001ರಲ್ಲಿ ವಕೀಲಿಕೆಯ ಸನ್ನದು ತಗೊಂಡು ಸೀನಿಯರ್ ಆಫೀಸಿಗೆ ಸೇರಿದ್ದೆ. ಆರು ತಿಂಗಳಿಗೆ ಒಬ್ಬ ಅಜ್ಜನ ತೋಟದ ಒತ್ತುವರಿ ಕೇಸಿನ ದಾವಾಪತ್ರ ಬರೆಯಲು ಕೊಟ್ಟರು. ಎಷ್ಟು ಚೆಂದ ಬರೆದಿದ್ದೆ ಅಂದರೆ, ಎರಡು ಸುಪ್ರೀಂ ಕೋರ್ಟ್ ತೀರ್ಪು ನೆನಪಿಟ್ಟುಕೊಂಡು, ಇಂಗ್ಲಿಷ್ ಎಲ್ಲ ಸರಿ ಮಾಡಿಕೊಂಡು. ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿ, ಮಾತ್ರ ಉಲ್ಟಾ ಹಾಕಿದ್ದೆ. ಪೂರ್ವಕ್ಕೆ ಬರಬೇಕಾದವರ ಜಮೀನು ಪಶ್ಚಿಮಕ್ಕೆ, ಪಶ್ಚಿಮದ ಹಳ್ಳ ಪೂರ್ವಕ್ಕೆ. ಸೀನಿಯರ್ ನನ್ನನ್ನು ನಂಬಿ ಸಹಿ ಹಾಕಿದರು. ಎದುರು ಪಕ್ಷದ ವಕೀಲರು ಅದನ್ನೇ ಹಿಡಿದರು. ತಿದ್ದುಪಡಿಗೆ ಸಿವಿಲ್ ಪ್ರೊಸೀಜರ್ ಕೋಡ್‌ನ ಆರ್ಡರ್ 6 ರೂಲ್ 17ರ ಅಡಿ ಅರ್ಜಿ, ಅದಕ್ಕೆ ತಕರಾರು, ಅದರ ಮೇಲೆ ವಾದ. ಕೊನೆಗೆ ಕೋರ್ಟು, ನಾವು ಎದುರು ಪಕ್ಷಕ್ಕೆ ಇನ್ನೂರು ರೂಪಾಯಿ ಖರ್ಚು ಕೊಡಬೇಕು ಅಂತ ಹೇಳಿ ಒಪ್ಪಿತು. ಅಷ್ಟಕ್ಕೇ ನಾಲ್ಕು ತಿಂಗಳು ಹೋಯಿತು. ಆ ಅಜ್ಜ ಬೈಯಲಿಲ್ಲ. "ಸೂರ್ಯ ಹುಟ್ಟೋ ಕಡೆ ಅಂತ ನಾ ಹೇಳಿದ್ನಲ್ಲಮ್ಮಾ" ಅಂದರು, ಅಷ್ಟೇ.

ಹೇಳಿದ್ದರು, ಹೌದು. ಅವರು ಮಾತಾಡುವಾಗ ನಾನು ತಲೆಯಲ್ಲಿ ಸೆಕ್ಷನ್ ಹುಡುಕುತ್ತಿದ್ದೆ. ಮಾರನೇ ದಿನ ಸೀನಿಯರ್ ನನ್ನನ್ನು ಮಳೆಯಲ್ಲೇ ಆ ತೋಟಕ್ಕೆ ಕರೆದುಕೊಂಡು ಹೋಗಿ ನಾಲ್ಕೂ ಗಡಿ ಸುತ್ತಿಸಿದರು. ಕಾಲಿಗೆ ಉಂಬಳ ಹತ್ತಿ ರಕ್ತ ಬಂದಿತ್ತು. ಆ ಚಕ್ಕುಬಂದಿ ನನಗೆ ಇವತ್ತಿಗೂ ಬಾಯಿಗೆ ಬರುತ್ತದೆ, ಬೇಕಾದರೆ ಕೇಳು.

ಕೇಶವಾನಂದ ಭಾರತಿ ಕೇಸೂ ನಿಮಗೆ ಬರುತ್ತದೆ. 1973ರ ಸುಪ್ರೀಂ ಕೋರ್ಟ್ ತೀರ್ಪು, 13 ಜನ ಜಡ್ಜ್‌ಗಳು, 68 ದಿನ ವಾದ, ಏಳಕ್ಕೆ ಆರು. ಸಂವಿಧಾನ ತಿದ್ದಬಹುದು, ಅದರ ಮೂಲ ಸ್ವರೂಪ ಕೆಡಿಸುವ ಹಾಗಿಲ್ಲ ಅಂತ. ಕ್ಲಾಸಿನಲ್ಲಿ ಅದನ್ನು ದೇವರ ಫೋಟೋ ತರಹ ಗೋಡೆಗೆ ನೇತುಹಾಕಿ ಪಾಠ ಮಾಡುತ್ತಾರೆ. ನೀನು ಸ್ವಲ್ಪ ಹತ್ತಿರ ಹೋಗಿ ನೋಡು. ಕೇಸು ಹಾಕಿದ ಕೇಶವಾನಂದ ಸ್ವಾಮೀಜಿ ಕಾಸರಗೋಡಿನ ಎಡನೀರು ಮಠದವರು, ಕನ್ನಡದ ನೆಲದವರೇ. ಅವರು ಕೋರ್ಟಿಗೆ ಹೋದದ್ದು ಕೇರಳದ ಭೂಸುಧಾರಣೆ ಕಾಯ್ದೆಯಿಂದ ಮಠದ ಭೂಮಿ ಹೋಗುತ್ತದೆ ಅಂತ. ಇನ್ನು ನಮ್ಮ ಮನೆ ಕಥೆ ಗೊತ್ತಲ್ಲ? ನಿನ್ನ ಮುತ್ತಜ್ಜ ಗೇಣಿದಾರರು. 1951ರಲ್ಲಿ ಇಲ್ಲೇ ಪಕ್ಕದ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಆದಾಗ ಅವರಿಗೆ ನಿನ್ನಷ್ಟೇ ವಯಸ್ಸು. 1974ರಲ್ಲಿ ನಮ್ಮ ರಾಜ್ಯದ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ ಗೇಣಿ ಜಮೀನು ತಮ್ಮ ಹೆಸರಿಗೆ ಮಾಡಿಕೊಡಿ ಅಂತ ಕೇಳುವ ಫಾರಂ ನಂಬರ್ 7 ತುಂಬಿ, ಟ್ರಿಬ್ಯೂನಲ್‌ಗೆ ಅಲೆದು, ಈಗ ನಿನ್ನ ಫೀಸು ಕಟ್ಟುತ್ತಿರುವ ಈ ಮೂರು ಎಕರೆ ಪಡೆದರು.

ಹಾಗಾಗಿ ನಾನು ಆ ಕೇಸು ಓದುವಾಗ ಸ್ವಾಮೀಜಿಯ ಎದುರು ಕಡೆ ಕೂತೇ ಓದಿದ್ದೆ. ಸಿಟ್ಟಿನಿಂದ ಓದಿದ್ದೆ ಅಂತಲೇ ಇಟ್ಟುಕೋ. ಆದರೆ ಕೊನೆಗೆ ಆದದ್ದು ನೋಡು. ಕೇರಳದ ಆ ಕಾಯ್ದೆ ಉಳಿಯಿತು. ಅದರ ಜೊತೆಗೆ, ಸರ್ಕಾರಕ್ಕೆ ಎಷ್ಟೇ ಬಹುಮತ ಇದ್ದರೂ ದಾಟಬಾರದ ಗೆರೆಯೊಂದು ಬಂತು. ಆ ಗೆರೆ ಈಗ ನನ್ನಂಥವರಿಗೂ ಬೇಕು. ಯಾರು ಗೆದ್ದರು ಅಂತ ಹೇಳಲಿ? ಸೆಮಿಸ್ಟರ್ ಪರೀಕ್ಷೆಯಲ್ಲಿ ಇದನ್ನೆಲ್ಲ ಬರೆದರೆ ಮಾರ್ಕ್ಸ್ ಬರುತ್ತದೋ ಇಲ್ಲವೋ. ಅಲ್ಲಿ ಏಳಕ್ಕೆ ಆರು ಅಂತಲೇ ಬರೆ.

ಪರೀಕ್ಷೆ ವಿಷಯ ಬಂತಲ್ಲ, ಒಂದು ನಿಜ ಹೇಳುತ್ತೇನೆ. ಗೈಡ್ ಓದಿ ಪಾಸಾಗಬಹುದು. ತುಂಬಾ ಜನ ಹಾಗೇ ಆಗುತ್ತಾರೆ, ನನ್ನ ಬ್ಯಾಚಿನಲ್ಲೂ ಆದರು. ಪರೀಕ್ಷೆಯ ಹಿಂದಿನ ರಾತ್ರಿ ನೀನೂ ಗೈಡ್ ಹಿಡಿಯುತ್ತೀಯ, ನಾನೇನೂ ಬೈಯುವುದಿಲ್ಲ. ಬೇರ್ ಆಕ್ಟ್, ಅಂದರೆ ವಿವರಣೆ ಇಲ್ಲದ ಮೂಲ ಕಾಯ್ದೆ, ಮಾತ್ರ ದಿನಾ ಎರಡು ಪುಟ ಓದು. ಬಾಯಿಪಾಠ ಬೇಡ. ಸೆಕ್ಷನ್ ನಂಬರ್ ನಂಬಿಕೊಂಡು ಕೂತವರ ಗತಿ ಏನಾಯಿತು ಅಂತ ನಾನೇ ಸಾಕ್ಷಿ. 2024ರ ಜುಲೈ 1ರಿಂದ ಅಪರಾಧಗಳ ಹಳೇ ಕಾನೂನು ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಕೊಲೆ 302 ಇದ್ದದ್ದು 103 ಆಯಿತು, ವಂಚನೆ 420 ಇದ್ದದ್ದು 318ಕ್ಕೆ ಹೋಯಿತು. ಆ ತಾರೀಖಿಗಿಂತ ಮುಂಚೆ ನಡೆದ ಅಪರಾಧಕ್ಕೆ ಹಳೇ ಐಪಿಸಿಯೇ, ಆದ್ದರಿಂದ ಎರಡೂ ಬೇಕು. ಇಪ್ಪತ್ತು ವರ್ಷದ ಅಭ್ಯಾಸ ಬಿಟ್ಟು ನಾನು ಕನ್ನಡಕ ಹಾಕಿಕೊಂಡು ಹೊಸ ಹುಡುಗಿ ತರಹ ಪಟ್ಟಿ ಮಾಡಿಕೊಂಡೆ. ನಿನ್ನ ಅಜ್ಜ ಮಾತ್ರ ಇನ್ನೂ ಅಡಿಕೆ ದಲಾಲಿಯನ್ನು "ಫೋರ್ ಟ್ವೆಂಟಿ" ಅಂತಲೇ ಬೈಯುತ್ತಾರೆ. ತ್ರೀ ಹಂಡ್ರೆಡ್ ಎಯ್ಟೀನ್ ಅಂತ ಬೈದರೆ ಯಾರಿಗೆ ನಾಟುತ್ತದೆ ಹೇಳು.

ಇನ್ನು ಇಂಗ್ಲಿಷ್. ನಿನ್ನ ಕ್ಲಾಸಿನ ಹುಡುಗರು ಕಾಲೇಜಿನ ಅಣಕು ಕೋರ್ಟು, ಆ ಮೂಟ್ ಕೋರ್ಟಿನಲ್ಲಿ "ಮೇ ಇಟ್ ಪ್ಲೀಸ್ ಯುವರ್ ಲಾರ್ಡ್‌ಶಿಪ್" ಅಂತ ಸರಾಗವಾಗಿ ಶುರು ಮಾಡಿದಾಗ ನಿನಗೆ ನಾಲಗೆ ಒಣಗಿತು ಅಂದೆ. ಒಣಗಲಿ, ನೀರು ಕುಡಿ. ಹೈಕೋರ್ಟಿಗೆ ಇಂಗ್ಲಿಷ್ ಬೇಕೇ ಬೇಕು, ಅದನ್ನು ಕಲಿಯದೆ ಬಿಡಬೇಡ. ಆದರೆ ತಾಲ್ಲೂಕು ಕೋರ್ಟಿನ ಸಾಕ್ಷಿಕಟ್ಟೆಯಲ್ಲಿ ನಿಂತವರು ಮಾತಾಡುವುದು ಕನ್ನಡ. ಹೋದ ತಿಂಗಳು ಪಾಟೀಸವಾಲಿನಲ್ಲಿ, ಅಂದರೆ ಸಾಕ್ಷಿಯನ್ನು ಎದುರು ಕಡೆಯ ವಕೀಲರು ಪ್ರಶ್ನಿಸುವಾಗ, ಒಬ್ಬ ಸಾಕ್ಷಿ "ಬೇಲಿ ಇದ್ದಿರಬೌದು" ಅಂದ. ಬರೆದುಕೊಳ್ಳುವಾಗ ಅದು "ಬೇಲಿ ಇತ್ತು" ಅಂತಾಗಿತ್ತು. ನಾನು ಎದ್ದು ನಿಂತು ಸರಿಪಡಿಸಿಕೊಂಡೆ. ಇಡೀ ಕೇಸು ಆ "ಬೌದು" ಮೇಲೆ ನಿಂತಿತ್ತು. ಆ ವ್ಯತ್ಯಾಸ ಕಿವಿಗೆ ಬೀಳಬೇಕಾದರೆ ಕನ್ನಡ ಮನೆಯಲ್ಲಿ ಕಲಿತದ್ದಾಗಿರಬೇಕು. ನಿನಗದು ಪುಕ್ಕಟೆ ಸಿಕ್ಕಿದೆ.

ಅಜ್ಜಿ ಆಗಲೇ ನಿನ್ನನ್ನು ಜಡ್ಜ್ ಮಾಡಿಯಾಗಿದೆ, ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. 2025ರ ಮೇನಲ್ಲಿ ಸುಪ್ರೀಂ ಕೋರ್ಟ್, ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷ ವಕೀಲಿಕೆ ಮಾಡಿರಬೇಕು ಅಂದಿದೆ ಅಂತ ಅವರಿಗೆ ನಾನು ಹೇಳಿಲ್ಲ. ನಿನ್ನ ಐದು ವರ್ಷ, ಆಮೇಲೆ ಮೂರು ವರ್ಷ, ಅದರ ಜೊತೆಗೆ ವಕೀಲರಾಗಲು ಬರೆಯುವ ಬಾರ್ ಪರೀಕ್ಷೆ ಬೇರೆ. ನಮ್ಮ ಕಾಲಕ್ಕೆ ಆ ಬಾರ್ ಪರೀಕ್ಷೆಯೂ ಇರಲಿಲ್ಲ, ಸುಮ್ನೆ ಹೋಗಿ ಸನ್ನದು ತಗೊಂಡೆವು. ದುಡ್ಡಿನ ವಿಷಯವನ್ನೂ ಮುಚ್ಚಿಡುವುದಿಲ್ಲ. ನನಗೆ ಮೊದಲ ವರ್ಷ ಸಿಕ್ಕಿದ್ದು ಬಸ್ ಚಾರ್ಜಿಗೆ ಸಾಲುತ್ತಿತ್ತು, ಊಟಕ್ಕೆ ಸಾಲುತ್ತಿರಲಿಲ್ಲ. ಈಗ ದೊಡ್ಡ ಊರಿನ ಕಂಪನಿ ಕೆಲಸಗಳಲ್ಲಿ ಜಾಸ್ತಿ ಕೊಡುತ್ತಾರೆ. ನೀನು ಆ ಕಡೆ ಹೋದರೂ ನನಗೆ ಬೇಜಾರಿಲ್ಲ. ಕರಿಕೋಟು ಹಾಕಲೇಬೇಕು ಅಂತ ನಾನು ಯಾವತ್ತೂ ಹೇಳಿಲ್ಲ, ನಿನ್ನ ಅಪ್ಪನ ಮಾತಿಗೆ ನಾನು ಜವಾಬ್ದಾರಳಲ್ಲ.

ಕೊನೆಯ ವರ್ಷಗಳಲ್ಲಿ ಒಂದು ಸಿವಿಲ್, ಒಂದು ಕ್ರಿಮಿನಲ್ ಕೇಸಿನ ವಿಚಾರಣೆ ನೋಡಿ ರೆಕಾರ್ಡ್ ಬರೆಯಬೇಕು. ಸೀನಿಯರ್‌ಗಳ ರೆಕಾರ್ಡ್ ನೋಡಿ ಇಳಿಸುವುದು ಎಲ್ಲ ಕಡೆ ಇದೆ. ನೀನು ಅಲ್ಲಿಯ ತನಕ ಕಾಯಬೇಡ. ದಸರಾ ರಜೆಗೆ ಬರುತ್ತೇನೆ ಅಂದೆಯಲ್ಲ, ಆಗ ಕೋರ್ಟಿಗೂ ರಜೆ, ಏನೂ ಸಿಗುವುದಿಲ್ಲ. ಅದಕ್ಕಿಂತ ಮುಂಚೆ ಒಂದು ಗುರುವಾರ ರಾತ್ರಿ ತಾಳಗುಪ್ಪ ರೈಲು ಹತ್ತು. ಆ ಬೇಲಿ ಕೇಸು ಮತ್ತೆ ಶುಕ್ರವಾರಕ್ಕೇ ಬಿದ್ದಿದೆ, ಎದುರು ಪಕ್ಷದವರ ಸರ್ವೇಯರ್‌ನ ಪಾಟೀಸವಾಲು ನನ್ನದು. ಹನ್ನೊಂದಕ್ಕೆ ಕರೆಯುತ್ತಾರೆ ಅಂತ ಲೆಕ್ಕ, ಮೂರೂವರೆ ಆದರೂ ಆಗಬಹುದು. ಅಥವಾ ಸರ್ವೇಯರ್ ಬರದೆ ಮುಂದಿನ ತಾರೀಖು ಕೊಟ್ಟರೂ ಕೊಡಬಹುದು. ಪುಸ್ತಕ ತಾ. ಹಿಂದಿನ ಬೆಂಚಿನಲ್ಲಿ ಕೂತುಕೋ. ನಾನು ತಡವರಿಸಿದರೆ ನಗಬೇಡ.

ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ನಾಳೆ ರಾತ್ರಿ ಬಸ್ಸಿಗೆ ಹಾಕುತ್ತೇನೆ. ಉಪ್ಪಿನಕಾಯಿ ಡಬ್ಬದ ಮುಚ್ಚಳ ಸಡಿಲ ಇದೆ, ನೆಟ್ಟಗೆ ಹಿಡಿದುಕೋ. ಹಿಂದಿನ ಸಲದ ಎರಡು ಡಬ್ಬ ಅಲ್ಲೇ ಇವೆ, ಬರುವಾಗ ಮರೆಯದೆ ತಾ.

ನಿನ್ನ ಅಮ್ಮ