ಮೆಡಿಕಲ್ ಶಾಪಿನ ಆ ಅಣ್ಣನಿಗೆ

ನಿಮ್ಮ ಹೆಸರು ಕೇಳುವುದೇ ಮರೆತೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಎಲೆ ಬಿಸಿಲಿನಿಂದ ಆಹಾರ ತಯಾರಿಸುವುದನ್ನು ಏಳನೇ ತರಗತಿಯ ಮಕ್ಕಳಿಗೆ ತೋರಿಸಬೇಕಿತ್ತು. ಕುಂಡದ ದಾಸವಾಳದ ಎಲೆಗೆ ಕಪ್ಪು ಕಾಗದದ ಪಟ್ಟಿ ಸುತ್ತಿ, ಬಿಸಿಲಿಗಿಟ್ಟು, ಬೇಯಿಸಿ, ಅಯೋಡಿನ್ ಹಾಕಿದೆವು. ಎಲೆ ತಯಾರಿಸಿದ ಆಹಾರ, ಅಂದ್ರೆ ಪಿಷ್ಟ, ಇರುವ ಕಡೆ ಮಾತ್ರ ಅಯೋಡಿನ್ ಕಡುನೀಲಿ-ಕಪ್ಪಾಗಬೇಕು. ಆದರೆ ಕಾಗದ ಸುತ್ತಿದ್ದ ಜಾಗವೂ ಸೇರಿ ಇಡೀ ಎಲೆ ಕಪ್ಪಾಯಿತು. ಮಕ್ಕಳ ಮುಖ ಸಪ್ಪಗಾಯಿತು.

ಮತ್ತೆ ಅಯೋಡಿನ್ ಕೇಳಿದಾಗ ನೀವು ಸುಮ್ನೆ ಬಾಟಲಿ ಕೊಟ್ಟು ಕಳಿಸಬಹುದಿತ್ತು. "ಗಿಡವನ್ನು ಮೊದಲು ಎರಡು ದಿನ ಕತ್ತಲಲ್ಲಿ ಇಟ್ಟಿದ್ರಾ?" ಅಂತ ಕೇಳಿದಿರಿ. ಎಲೆಯಲ್ಲಿರುವ ಹಳೆಯ ಪಿಷ್ಟ ಖಾಲಿಯಾಗಬೇಕು ಅಲ್ವಾ, ಅದು ನನಗೆ ಹೊಳೆದೇ ಇರಲಿಲ್ಲ. ಎಲೆಯ ಹಸಿರು ತೆಗೆಯುವ ಸ್ಪಿರಿಟ್ ಪಾತ್ರೆಯನ್ನು ಬೆಂಕಿಯ ಮೇಲಿಡಬೇಡಿ, ಒಲೆ ಆರಿಸಿ ಬಿಸಿನೀರಿನೊಳಗಿಡಿ ಅಂತ ಎರಡೆರಡು ಸಲ ಹೇಳಿದಿರಿ. ಮಕ್ಕಳಿರುವ ಜಾಗ. ಆ ಮಾತಿಗೆ ನಾನು ಎಲ್ಲಕ್ಕಿಂತ ಜಾಸ್ತಿ ಋಣಿ.

ನಿನ್ನೆ ಮತ್ತೆ ಮಾಡಿದೆವು. ಹಸಿರೆಲ್ಲ ಸ್ಪಿರಿಟ್‌ಗೆ ಇಳಿದು ಎಲೆ ಬಿಳಿಚಿತು. ಅಯೋಡಿನ್ ಹನಿ ಬಿದ್ದಂತೆ ಸುತ್ತಲೂ ಕಡುನೀಲಿ. ಕಾಗದ ಸುತ್ತಿದ್ದ ಪಟ್ಟಿ ಮಾತ್ರ ಕಂದು! ಯಾವಾಗಲೂ ಮಾತೇ ಆಡದ ಹುಡುಗಿಯೊಬ್ಬಳು ಮೇಜಿನ ಹತ್ತಿರ ಓಡಿಬಂದಳು. "ಅಲ್ಲಿ ಬಿಸಿಲು ಬಿದ್ದಿಲ್ಲ ಮಿಸ್, ಅದಕ್ಕೆ ಅಡುಗೆನೇ ಆಗಿಲ್ಲ" ಅಂದಳು.

ತುಂಬಾ ಧನ್ಯವಾದ ಅಣ್ಣ. ಆ ಎಲೆಯನ್ನು ಪುಸ್ತಕದೊಳಗೆ ಒಣಗಿಸಿಟ್ಟಿದ್ದೇನೆ. ತಂದು ತೋರಿಸುತ್ತೇನೆ.